ನೂರಕ್ಕೆ ನಾನೂರ ಹನ್ನೆರಡು

ನಮ್ಮೂರಲ್ಲಿ ಹೆಣ್ಣು ನೋಡುವ ಶಾಸ್ತ್ರ ಬೆಳಗಿನ ಜಾವವೇ ನಡೆಯುತ್ತದೆ. ಕೆರೆಯ ಮಂಜು ಬೀದಿಗೆ ಬಂದು, ಕಿಟಕಿ ಹತ್ತಿ, ಮನೆಯೊಳಗೆ ಇಳಿಯುವ ಹೊತ್ತಿಗೆ ಗಂಡಿನ ಕಡೆಯವರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿರಬೇಕು. ಹುಡುಗಿಯನ್ನು ಆಮೇಲೆ ಕರೆಯುತ್ತಾರೆ. ಮೊದಲು ನೋಡುವುದು ನೆಲ. ಮಂಜಿನಲ್ಲಿ ನೆಲದ ಕಲ್ಲಿನಿಂದ ಬೆಳ್ಳಗೆ, ಗಿಡ್ಡಗೆ, ದಪ್ಪಗೆ ಒಂದು ಗೆರೆ ಏಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕರಗುತ್ತದೆ. ಪಕ್ಕದಲ್ಲೇ ಇನ್ನೊಂದು ಏಳುತ್ತದೆ. ಹುಡುಗನ ಸೋದರಮಾವ ಬೆರಳು ಮಡಿಚುತ್ತಾ ಎಣಿಸುತ್ತಾನೆ. ಬೆರಳು ಸಾಲದಷ್ಟು ಗೆರೆ ಎದ್ದರೆ ಕಾಫಿ ಕುಡಿಯುತ್ತಾರೆ. ಇಲ್ಲದಿದ್ದರೆ ಜಾತಕ ಕೂಡಿ ಬರಲಿಲ್ಲ ಎಂದು ಹೇಳಿ ಕಳಿಸುತ್ತಾರೆ. ಜಾತಕ ಇನ್ನೂ ಅವರ ಜೇಬಿನಲ್ಲೇ ಮಡಿಚಿಕೊಂಡಿರುತ್ತದೆ.

ಗೆರೆಯಲ್ಲಿ ಇನ್ನೊಂದು ಜಾತಿ ಇದೆ. ಉದ್ದ, ಸಣ್ಣ, ನೂಲಿನಂಥದ್ದು. ಸೂರನ್ನು ತೂರಿ ಬಂದು, ಕೂತವರ ಮೈಯನ್ನೂ ತೂರಿ, ನೆಲದೊಳಕ್ಕೆ ಹೋಗಿಬಿಡುತ್ತದೆ. ಅದು ಆಕಾಶದ್ದು. ಅದನ್ನು ಯಾರೂ ಎಣಿಸುವುದಿಲ್ಲ. ಮೇಲ್ಪೇಟೆಯ ಕಲ್ಲುಮನೆಗೂ ಬೀಳುತ್ತದೆ, ಹಲಗೆಕೇರಿಯ ಗುಡಿಸಿಲಿಗೂ ಬೀಳುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ಎಮ್ಮೆಗೂ ಬೀಳುತ್ತದೆ. ಎಲ್ಲರಿಗೂ ಸಿಗುವುದಕ್ಕೆ ಏನು ಬೆಲೆ ಹೇಳಿ.

ನಾನು ಅನಸೂಯಮ್ಮ. ನಡುಬೀದಿಯಲ್ಲಿ ಕೊಡೆ ರಿಪೇರಿ ಅಂಗಡಿ ನಮ್ಮದು, ಅಂಗಡಿಯ ಹಿಂದೆಯೇ ಮನೆ. ನಮ್ಮ ಯಜಮಾನರು ಕೊಡೆಯ ಕಡ್ಡಿಯ ವಿಷಯ ಬಿಟ್ಟು ಇನ್ನೊಂದಕ್ಕೆ ಬಾಯಿ ತೆಗೆಯುವವರಲ್ಲ; ಬಾಯಿಯ ಖಾತೆ ಪೂರ್ತಿ ನನ್ನದು. ಮನೆಯದು ಕೆಂಪು ಕಾವಿ ನೆಲ. ಒರೆಸಿದರೆ ಮುಖ ಕಾಣುತ್ತದೆ, ಆದರೆ ಗೆರೆ ಮಾತ್ರ ಅಮಾವಾಸ್ಯೆಗೊಂದು ಹುಣ್ಣಿಮೆಗೊಂದು. ಇಂಥ ಮನೆಯಿಂದ ನನ್ನ ಮಗಳು ರೋಹಿಣಿಯನ್ನು ಮೇಲ್ಪೇಟೆಗೆ ಕೊಟ್ಟೆ ಎಂದರೆ ಅದು ನನ್ನ ಸಾಮರ್ಥ್ಯ. ಹೆಣ್ಣು ನೋಡುವ ದಿನ ಮಂಜು ಬರುವ ಮೊದಲೇ ಸಾಂಬ್ರಾಣಿ ಹಾಕಿ ಮನೆ ತುಂಬ ಹೊಗೆ ಎಬ್ಬಿಸಿಬಿಟ್ಟಿದ್ದೆ. ಹುಡುಗ ರೋಹಿಣಿಯನ್ನು ಕಾಲೇಜಿನಲ್ಲೇ ನೋಡಿ ಸೋತಿದ್ದವನು, ನೆಲದ ಕಡೆ ತಿರುಗಲೇ ಇಲ್ಲ. ಅವನ ತಾಯಿ ಭಾಗೀರಥಮ್ಮ ಮಾತ್ರ ಕಣ್ಣು ಉಜ್ಜಿಕೊಳ್ಳುತ್ತಾ ನೋಡಿದರು. ನೋಡಿದ್ದನ್ನು ಮರೆಯಲೂ ಇಲ್ಲ.

ರೋಹಿಣಿಗೆ ಏಳು ತಿಂಗಳು ತುಂಬಿತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಲ್ಲ, ಕರೆದುಕೊಂಡು ಬರಲು ಹೋದೆ. ಭಾಗೀರಥಮ್ಮ ಅರಿಶಿನ ಕುಂಕುಮ ಕೊಟ್ಟರು, ಎಲೆ ಅಡಿಕೆ ಕೊಟ್ಟರು, ನಗುನಗುತ್ತಲೇ ಹೇಳಿದರು.

"ತಪ್ಪು ತಿಳೀಬೇಡಿ ಅನಸೂಯಮ್ಮನೋರೇ. ಈ ಮನೆ ಕೂಸು ಗೆರೆ ಇಲ್ದಿರೋ ನೆಲದ ಮೇಲೆ ಮಲಗಿ ಬೆಳೆದರೆ ನಾಳೆ ಅದನ್ನ ಯಾರು ಕೇಳ್ತಾರೆ? ಬಾಣಂತನ ಇಲ್ಲೇ ಆಗ್ಲಿ. ನೀವೂ ಆಗಾಗ ಬಂದು ನೋಡ್ಕೊಂಡು ಹೋಗಿ."

ನನ್ನ ಮಗಳ ಬಾಣಂತನಕ್ಕೆ ನಾನು ನೆಂಟಳ ಹಾಗೆ ಬಂದು ಹೋಗಬೇಕಂತೆ! ಮೈಯೆಲ್ಲ ಉರಿದುಹೋಯಿತು. "ಹೆರಿಗೆ ಹೊತ್ತಿಗೆ ನಮ್ಮನೇಲೂ ಗೆರೆ ತೋರಿಸ್ತೀನಿ ಬಿಡಿ" ಎಂದುಬಿಟ್ಟೆ. ಎಲ್ಲಿಂದ ತಂದು ತೋರಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಇಂದುಮತಿ ನಮ್ಮ ಮನೆಗೆ ಬಾಡಿಗೆಗೆ ಬಂದದ್ದು ಅದೇ ದಿನಗಳಲ್ಲಿ. ದೂರದ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ. ಡಾಕ್ಟರೇಟು ಮಾಡಿದವಳು, ಆದರೂ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು ಅಷ್ಟೆ, ಅದಕ್ಕೇ ಏಕವಚನ. ಅವಳ ಪೆಟ್ಟಿಗೆಗಳಲ್ಲಿ ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ ಹಲಗೆಗಳಿದ್ದವು. ಅದರೊಳಗೆ ಗೆರೆ ಹಾದರೆ ಸೂಜಿಮೊನೆಯಷ್ಟು ಬೆಳಕು ಮಿನುಗುತ್ತದೆ, ಆ ಬೆಳಕನ್ನು ಹಿಡಿದು ಎಣಿಸಲು ಇನ್ನೊಂದು ಪೆಟ್ಟಿಗೆ. ಇದಕ್ಕೆಲ್ಲ ಡಿಟೆಕ್ಟರ್ ಎನ್ನುತ್ತಾರಂತೆ. ಮೊದಲ ದಿನ ಮಂಜು ಇಳಿದಾಗ ಅವಳು ನಮ್ಮ ತಾರಸಿಯ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ಅಮ್ಮಾ, ಒಂದು ಕೋಣೆಯಷ್ಟು ಡಿಟೆಕ್ಟರ್ ಕಟ್ಟೋಕೆ ನಾವು ವರ್ಷಗಟ್ಟಲೆ ಒದ್ದಾಡ್ತೀವಿ. ಇಲ್ಲಿ ಊರಿಗೆ ಊರೇ ಡಿಟೆಕ್ಟರ್ ಒಳಗೆ ಕೂತು ಉಪ್ಪಿಟ್ಟು ತಿಂತಿದೆ!"

ಅವಳಿಗೆ ಬೇಕಾಗಿದ್ದದ್ದು ಆಕಾಶದ ಉದ್ದ ಗೆರೆ. ಎಲ್ಲೋ ನಕ್ಷತ್ರಗಳಾಚೆ ಹೊರಟ ಕಣ ನಮ್ಮ ತಲೆಯ ಮೇಲಿನ ಗಾಳಿಗೆ ಬಡಿದು, ಅದರ ಮರಿಗಳು ಇಲ್ಲಿಗೆ ಬರುತ್ತವಂತೆ. ಹೇಳುವಾಗ ಅವಳ ಮುಖ ನೋಡಬೇಕು, ಹಬ್ಬ. ಊರಿಗೆ ಮಾತ್ರ ಇದು ಅವಮಾನವೆನಿಸಿತು. ಪುರಸಭೆ ಅಧ್ಯಕ್ಷ ಮರಿಸಿದ್ದಪ್ಪನವರು ನಮ್ಮ ಮನೆಗೇ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಅಲ್ಲಮ್ಮಾ, ಅಷ್ಟು ದೂರದಿಂದ ಬಂದು ಎಮ್ಮೆ ಮೇಲೆ ಬೀಳೋ ಗೆರೆ ಎಣಿಸ್ತೀರಂತಲ್ಲ! ನಮ್ಮ ಕಲ್ಲಿನ ಗೆರೆ ಅಳೀರಿ. ಊರಿನ ಮರ್ಯಾದೆ ಅನ್ನೋದೊಂದು ಇಲ್ವಾ?"

ಸರಿ, ಮಾರನೆಯ ಬೆಳಗ್ಗೆ ಮೇಲ್ಪೇಟೆಯ ಮನೆಗಳಿಗೆ ಹೋಗಿಬಂದಳು. ಬಂದವಳು ತಿಂಡಿ ಮುಟ್ಟಲಿಲ್ಲ. ಆಮೇಲೆ ಆಕಾಶದ ಮಾತೇ ನಿಂತುಹೋಯಿತು. ಇದ್ದಿಲ ಪುಡಿ ತುಂಬಿದ ತಗಡಿನ ಡಬ್ಬಿಗಳನ್ನು ತರಿಸಿ ಮನೆಮನೆಗೆ ಹಂಚಿದಳು. ಮುಚ್ಚಳ ತೆಗೆದು, ಕಿಟಕಿ ಬಾಗಿಲು ಹಾಕಿದ ಕೋಣೆಯಲ್ಲಿ ಕೆಲವು ದಿನ ಇಡಬೇಕು. ಕಲ್ಲು ಉಸಿರು ಬಿಡುತ್ತದಂತೆ. ಆ ಉಸಿರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಿಲು ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಡಬ್ಬಿಯನ್ನು ಯಂತ್ರದ ಮುಂದೆ ಇಟ್ಟರೆ ಟಿಕ್ ಟಿಕ್ ಎಂದು ಎಣಿಸಿ ಒಂದು ಅಂಕಿ ಕೊಡುತ್ತದೆ. ನಮ್ಮವರು ಡಬ್ಬಿಗೆ ಕುಂಕುಮ ಹಚ್ಚಿ ಹೂ ಮುಡಿಸಿದರು.

ಎಲ್ಲ ಡಬ್ಬಿ ಎಣಿಸಿಯಾದ ಮೇಲೆ ಪುರಭವನದಲ್ಲಿ ಸಭೆ ಸೇರಿತು. ನಮ್ಮ ಮನೆಯ ಹುಡುಗಿ ಭಾಷಣ ಮಾಡುವಾಗ ನಾನು ಮೊದಲ ಸಾಲಿನಲ್ಲಿ ಕೂರದಿದ್ದರೆ ಹೇಗೆ, ರೇಷ್ಮೆ ಸೀರೆ ಉಟ್ಟು ಕೂತೆ. ಇಂದುಮತಿ ಎಲ್ಲರಿಗೂ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದಳು. "ಮನೆಯೊಳಗಿನ ಗಾಳಿಯಲ್ಲಿ ಈ ಕಲ್ಲಿನ ಉಸಿರಿಗೆ ನೂರು ಅನ್ನೋದು ಮಿತಿ. ಮೇಲ್ಪೇಟೆಯಲ್ಲಿ ಎಲ್ಲ ಮನೆಗಳೂ ನೂರು ದಾಟಿವೆ."

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ.

"ಚಪ್ಪಾಳೆ ಹೊಡೀಬೇಡಿ! ಜಾಸ್ತಿ ಇರಬಾರದು ಅಂತ ಹೇಳ್ತಿದೀನಿ. ಕಡಿಮೆ ಇದ್ದಷ್ಟೂ ಒಳ್ಳೇದು. ಜ್ವರ ಇದ್ದ ಹಾಗೆ ಅಂದ್ಕೊಳ್ಳಿ, ಅಂಕಿ ಮೇಲೆ ಹೋದಷ್ಟೂ ಕಷ್ಟ."

"ಜ್ವರ ಬಂದು ಹೋದ್ರೆ ಮೈ ಗಟ್ಟಿಯಾಗುತ್ತೆ ಬಿಡಿ" ಎಂದು ಹಿಂದಿನಿಂದ ಯಾರೋ ಅಂದರು. ನಿವೃತ್ತ ಹೆಡ್‌ಮಾಸ್ತರು ನಂಜುಂಡಯ್ಯನವರು ಎದ್ದು ಕೋಟು ಸರಿಮಾಡಿಕೊಂಡರು. "ತಾಯೀ, ನಾನು ಜೀವಮಾನವೆಲ್ಲ ಪೇಪರ್ ತಿದ್ದಿದೋನು. ಕಡಿಮೆ ಬಂದಷ್ಟೂ ಒಳ್ಳೇದು ಅನ್ನೋ ಪರೀಕ್ಷೆ ಯಾವ ಶಾಲೇಲೂ ಇಲ್ಲ. ನಿಮ್ಮ ಲೆಕ್ಕ ಎಲ್ಲೋ ಉಲ್ಟಾ ಆಗಿದೆ, ಇನ್ನೊಂದ್ಸಲ ನೋಡಿ."

ಸಭೆ ನಕ್ಕಿತು. ಮರಿಸಿದ್ದಪ್ಪನವರು ಮೈಕು ಕಿತ್ತುಕೊಂಡು ತೀರ್ಪು ಕೊಟ್ಟರು: ನೂರು ದಾಟಿದ ಮನೆ ಡಿಸ್ಟಿಂಕ್ಷನ್, ಮೂವತ್ತೈದಕ್ಕೆ ಪಾಸು, ಅದಕ್ಕಿಂತ ಕೆಳಗೆ ಫೇಲು. ಮಾರನೆಯ ದಿನವೇ ಪೇಂಟರ್ ಬಂದು ಮನೆಮನೆಯ ಬಾಗಿಲ ಪಕ್ಕ ನೀಲಿ ಬಣ್ಣದಲ್ಲಿ ಅಂಕಿ ಬರೆದ. ಭಾಗೀರಥಮ್ಮನವರ ಮನೆಗೆ ಇನ್ನೂರ ಅರವತ್ತು. ಕೆರೆಯಂಚಿನ ಜೌಗಿನಲ್ಲಿ ಕಂಬ ನೆಟ್ಟು ಮರದ ನೆಲ ಹಾಕಿಕೊಂಡಿರುವ ಹಲಗೆಕೇರಿಗೆ ಐದು, ಆರು, ಏಳು. ನಮಗೆ ಹತ್ತೊಂಬತ್ತು. ಆ ಮಹಾರಾಯ ಒಂಬತ್ತಕ್ಕೆ ಬಾಲ ಎಳೆದು, ಪಕ್ಕದಲ್ಲಿ ಫೇಲು ಎಂದು ಬರೆದು, ಕೆಳಗೆ ಒಂದು ಹೂ ಬೇರೆ ಬಿಡಿಸಿದ. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತು ಅತ್ತೆ.

ಇಂದುಮತಿ ಮನೆಮನೆಗೆ ಹೋಗಿ ಮತ್ತೆ ಮತ್ತೆ ಹೇಳಿದಳು. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು, ತಲೆದೂಗಿದರು, ಕಡೆಗೆ ದನಿ ತಗ್ಗಿಸಿ ಕೇಳಿದರು: "ಮೇಡಂ, ನಮ್ಮದು ಎಂಬತ್ತೆಂಟಕ್ಕೆ ನಿಂತುಬಿಟ್ಟಿದೆ. ಏನಾದ್ರೂ ಮಾಡಿ ನೂರು ಮಾಡ್ಸೋಕಾಗುತ್ತಾ?" ಇವರೊಂದಿಗೆ ತಲೆ ಚಚ್ಚಿಕೊಳ್ಳುವುದಕ್ಕಿಂತ ದೊಡ್ಡ ಅಧಿಕಾರಿಗಳನ್ನೇ ಕರೆತರುತ್ತೇನೆಂದು ಅವಳು ನಗರಕ್ಕೆ ಬಸ್ ಹತ್ತಿದಳು. ಅವಳು ಅತ್ತ ಹೋದಳು, ಇತ್ತ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಅಂಗಡಿ ತೆರೆಯಿತು. ಅಲ್ಲಿ ಮಾರುವುದು ಕರಿಗುಡ್ಡದಿಂದ ತಂದ, ಗೆರೆ ಎಬ್ಬಿಸುವ ಕಪ್ಪು ಚಪ್ಪಡಿ. ಬೋರ್ಡಿನ ಮೇಲೆ, "ಇಲ್ಲಿ ಗ್ರೇಸ್ ಮಾರ್ಕ್ಸ್ ಕಲ್ಲು ದೊರೆಯುತ್ತದೆ." ಫೇಲಾದ ಮನೆಗಳಿಗೂ ಅಂಕಿ ಏರಿಸಿಕೊಳ್ಳುವವರಿಗೂ ಸಪ್ಲಿಮೆಂಟರಿ ಪರೀಕ್ಷೆ ಉಂಟೆಂದು ಪುರಸಭೆ ತಮಟೆ ಹೊಡೆಸಿತು. ಡಬ್ಬಿಗಳು ಹೇಗೂ ನಮ್ಮ ಮನೆಯಲ್ಲೇ ಇದ್ದವು, ಪುರಸಭೆಯವರು ಬಂದು ಒಯ್ದರು.

ನಾನು ಎರಡು ಬಳೆ ಬಿಚ್ಚಿಕೊಟ್ಟು ಗುಡ್ಡದ ಹೊಟ್ಟೆಯಿಂದ ತೆಗೆದ ಅಪ್ಪಟ ಕಪ್ಪು ಚಪ್ಪಡಿ ತಂದೆ. ಬಾಣಂತಿ ಕೋಣೆಯ ಕಾವಿ ನೆಲ ಅಗೆಸಿ ಹಾಕಿಸಿದೆ. ಬೆಳಗ್ಗೆ ಮಂಜಿಗೆ ಕಿಟಕಿ ತೆಗೆದರೆ, ಅಬ್ಬಬ್ಬಾ! ಬಾಣಲೆಯಲ್ಲಿ ಅರಳು ಸಿಡಿದ ಹಾಗೆ ಗೆರೆಗಳು ಏಳುತ್ತಿದ್ದವು. ಭಾಗೀರಥಮ್ಮನವರನ್ನು ಕರೆಸಿ ತೋರಿಸಿದೆ. ಸುತ್ತ ನೋಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ರೋಹಿಣಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ನೇರ ನಮ್ಮ ಮನೆಗೇ ಬಂದಳು, ನಾನು ಗೆದ್ದೆ. ಬಾಣಂತಿಗೆ ಥಂಡಿ ತಾಗಬಾರದಲ್ಲ, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಬಾಗಿಲಿಗೆ ಕಂಬಳಿ ಕಟ್ಟಿ, ಕೋಣೆಯನ್ನು ಬೆಚ್ಚಗೆ ಮುಚ್ಚಿದೆ. ಪರೀಕ್ಷೆಯ ಡಬ್ಬಿಯನ್ನು ಪುರಸಭೆಯವರು ತಂದು ಕೊಟ್ಟಾಗ ಕೋಣೆಯಲ್ಲಿ ಶ್ರೇಷ್ಠವಾದ ಜಾಗ ಯಾವುದು ಎಂದು ಯೋಚಿಸಿ ತೊಟ್ಟಿಲ ಕೆಳಗೇ ಇಟ್ಟೆ.

ಇಂದುಮತಿ ನಗರದಿಂದ ಬರಿಗೈಯಲ್ಲಿ ಬಂದಳು. ಅಧಿಕಾರಿಗಳು ನಕ್ಷೆ ಹರಡಿ ನಿಮ್ಮೂರು ಎಲ್ಲಿದೆ ತೋರಿಸಿ ಎಂದರಂತೆ. ನಕ್ಷೆಯಲ್ಲಿ ನಾವಿಲ್ಲ. ಬಂದವಳ ಮುಂದೆ ಪುರಸಭೆಯವರು ಸಪ್ಲಿಮೆಂಟರಿ ಡಬ್ಬಿಗಳನ್ನು ಸುರಿದು ಹೋಗಿದ್ದರು. ಮುಂದಿನ ಕೋಣೆಯಲ್ಲಿ ಯಂತ್ರ ಹಚ್ಚಿ ಒಂದೊಂದಾಗಿ ಎಣಿಸುತ್ತಾ ಕೂತಳು. ನಾನು ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದೆ. ಇದ್ದಕ್ಕಿದ್ದಂತೆ ಯಂತ್ರ ಟಿಕ್ ಟಿಕ್ ಬಿಟ್ಟು ಒಂದೇ ಸಮನೆ ಕರ್ರೆನ್ನತೊಡಗಿತು. ಇಂದುಮತಿ ಅಡುಗೆಮನೆಗೆ ಓಡಿಬಂದಳು.

"ಅಮ್ಮಾ, ಈ ಡಬ್ಬಿ ಯಾರ ಮನೇದು?"

"ನಮ್ಮದೇ ಕಣಮ್ಮ! ಎಷ್ಟು ಬಂತು?"

"ನಾನೂರ ಹನ್ನೆರಡು."

ಸೌಟು ಕೈಯಲ್ಲಿ ಹಿಡಿದೇ ಕುಣಿಯುವುದೊಂದು ಬಾಕಿ. ಊರಿಗೇ ಫಸ್ಟ್! ಮೇಲ್ಪೇಟೆಯ ಒಂದು ಮನೆಯೂ ಮುನ್ನೂರು ದಾಟಿರಲಿಲ್ಲ. ಯಜಮಾನರು ಅಂಗಡಿಯಿಂದ ಇಣುಕಿ ನೋಡಿದರು.

"ಅಮ್ಮಾ, ಡಬ್ಬಿ ಎಲ್ಲಿಟ್ಟಿದ್ರಿ?"

"ತೊಟ್ಟಿಲ ಕೆಳಗೆ."

ಇಂದುಮತಿ ಅಡುಗೆಮನೆಯ ನೆಲದ ಮೇಲೆ ಕೂತಳು. ಆಮೇಲೆ, ಸಭೆಯಲ್ಲಿ ಕೂಗಿದ ಹಾಗಲ್ಲ, ತೀರ ಮೆಲ್ಲಗೆ ಹೇಳಿದಳು. "ಮಂಜಿನಲ್ಲಿ ಗೆರೆ ಎಳೆಯುತ್ತಲ್ಲ, ಅದೇ ಅಮ್ಮಾ, ಕಲ್ಲಿನ ಉಸಿರಿನ ಜೊತೆ ಎದೆಯೊಳಗೆ ಹೋಗುತ್ತೆ. ಅಲ್ಲೂ ಗೆರೆ ಎಳೆಯುತ್ತೆ. ಇವತ್ತು ಏನೂ ಗೊತ್ತಾಗಲ್ಲ, ನಾಳೆಯೂ ಗೊತ್ತಾಗಲ್ಲ. ಹೀಗೇ ವರ್ಷಗಟ್ಟಲೆ ಉಸಿರಾಡಿದರೆ ಎಷ್ಟೋ ಕಾಲದ ಮೇಲೆ ಶ್ವಾಸಕೋಶದಲ್ಲಿ ಗಂಟು ಕಟ್ಟಬಹುದು. ಮಗು ಬೆಳೆಯೋದೇ ಆ ಕೋಣೆಯಲ್ಲಿ. ಕಿಟಕಿಗೆ ಬಟ್ಟೆ ತುರುಕಿದೀರಿ."

"ಇದನ್ನ ಮೊದಲೇ ಬಿಡಿಸಿ ಹೇಳೋಕೇನಾಗಿತ್ತು ನಿನಗೆ?" ಎಂದು ಅವಳ ಮೇಲೇ ಹಾರಿದೆ.

"ಹೇಳಿದೆ ಅಮ್ಮಾ. ನೀವು ಮೊದಲನೇ ಸಾಲಿನಲ್ಲಿ ಕೂತಿದ್ರಿ."

ಬೀದಿಯ ಕೊನೆಯಲ್ಲಿ ವಾಲಗ ಕೇಳಿಸಿತು. ಡಬ್ಬಿ ಎಣಿಸುವಾಗ ಬಾಗಿಲಲ್ಲಿ ಕಾವಲಿದ್ದ ಪುರಸಭೆಯ ಜವಾನ ಆಗಲೇ ಓಡಿಹೋಗಿ ಸುದ್ದಿ ಮುಟ್ಟಿಸಿದ್ದ. ಮರಿಸಿದ್ದಪ್ಪನವರು ಹಾರ ಹಿಡಿದು ಬರುತ್ತಿದ್ದರು. ಪಕ್ಕದಲ್ಲಿ ಭಾಗೀರಥಮ್ಮ, ಕೈಯಲ್ಲಿ ತೊಟ್ಟಿಲಿಗೆ ಬೆಳ್ಳಿ ಸರಪಳಿ. ಈ ಚಪ್ಪಡಿಗೆ ಇನ್ನು ಯಾರೂ ಕೈ ಹಚ್ಚುವಂತಿಲ್ಲ, ಫಸ್ಟ್ ರ್‍ಯಾಂಕ್ ಕೋಣೆ ಊರಿನ ಆಸ್ತಿ ಎಂದು ಅಧ್ಯಕ್ಷರು ದಾರಿಯಲ್ಲೇ ಘೋಷಿಸಿಕೊಂಡು ಬರುತ್ತಿದ್ದುದು ಒಳಕ್ಕೆ ಕೇಳುತ್ತಿತ್ತು.

ಪಕ್ಕದ ಕೋಣೆಗೂ ಆ ಉಸಿರು ಹರಡುತ್ತದಂತೆ. ಮಗುವನ್ನು ಎಲ್ಲಿಗೆ ಒಯ್ಯುವುದು? ಎಲ್ಲರ ಅಂಕಿಯೂ ನನಗೆ ಬಾಯಿಪಾಠ, ಹೊಟ್ಟೆಕಿಚ್ಚಿನಿಂದ ಕಲಿತದ್ದು. ತಂಗಿಯ ಮನೆ ನೂರ ನಲವತ್ತು. ಓರಗಿತ್ತಿ ಎಂಬತ್ತೆಂಟರಲ್ಲಿದ್ದವಳು ಗ್ರೇಸ್ ಕಲ್ಲು ಹಾಕಿಸಿ ಅವತ್ತಿನ ಎಣಿಕೆಯಲ್ಲೇ ನೂರ ಹತ್ತು ಮಾಡಿಕೊಂಡಿದ್ದಳು. ಬೀಗರ ಮನೆ ಇನ್ನೂರ ಅರವತ್ತು. ನಮ್ಮ ಸಂಬಂಧಿಕರಲ್ಲಿ ಫೇಲಾದ ಒಂದು ಮನೆಯಾದರೂ ಉಳಿದಿದೆಯೇ ಎಂದು ತಡಕಾಡಿದೆ. ದರಿದ್ರದವರು, ಎಲ್ಲರೂ ಪಾಸಾಗಿದ್ದರು. ಕಡೆಗೆ ನೆನಪಾದದ್ದು ಹಲಗೆಕೇರಿಯ ಗೌರಕ್ಕ. ಕೆರೆಯ ಜೊಂಡಿನಲ್ಲಿ ಚಾಪೆ ಹೆಣೆದು ಮಾರುವವಳು. ಅವಳ ಮನೆ ಆರು.

ವಾಲಗ ಮುಂಬಾಗಿಲಿಗೆ ಬರುವಾಗ ನಾವು ಹಿತ್ತಿಲ ಬಾಗಿಲಿಂದ ಹೊರಟೆವು. ಮಗು ನನ್ನ ಕೈಯಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡ ರೋಹಿಣಿ ಇಂದುಮತಿಯ ಭುಜ ಹಿಡಿದು ಹಿಂದೆ. ಹಾರವನ್ನು ಯಜಮಾನರ ಕೊರಳಿಗೆ ಹಾಕಿದರಂತೆ. ಹಾಕಿಸಿಕೊಂಡು ಸುಮ್ಮನೆ ನಿಂತಿದ್ದರಂತೆ, ಪುಣ್ಯಾತ್ಮರು.

"ನಮ್ಮನೆಗಾ?" ಗೌರಕ್ಕ ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದಳು. ಅಷ್ಟು ವರ್ಷ ನನ್ನ ಹೊಸಿಲಾಚೆ ನಿಂತು ಚಾಪೆ ಮಾರಿದವಳು. "ಗೋಡೆ ನೋಡಿದ್ರಾ ಅವ್ವಾ? ಆರು ಅಂತ ಬರದವ್ರೆ. ನನ್ ಮಗ ಮಾದೇಶಂಗೆ ಬಂದ ಮೂರು ಸಂಬಂದ ಅದನ್ನ ನೋಡೇ ವಾಪಸ್ ಓದ್ವು."

"ನೋಡಿಯೇ ಬಂದಿದೀನಿ ಗೌರಕ್ಕ."

"ತಮಾಸೆ ಮಾಡ್ತಿದೀರಾ?"

ರೋಹಿಣಿ ಮಾತು ಮುಗಿಯುವವರೆಗೆ ಕಾಯಲಿಲ್ಲ. ಒಳಗೆ ಹೋಗಿ ಹಲಗೆಯ ಮೇಲೆ ಕೂತು ಮಗುವಿಗೆ ಹಾಲು ಕೊಡತೊಡಗಿದಳು. ಹಲಗೆಯ ಸಂದಿಯಿಂದ ಕೆರೆಯ ಗಾಳಿ ಸುಯ್ಯೆಂದು ಬರುತ್ತಿತ್ತು. ಗೌರಕ್ಕ ಇನ್ನೇನೂ ಕೇಳದೆ ಬಾಣಂತಿಯ ಕಾಲಿಗೆ ಹೊದಿಸಲು ಕಂಬಳಿ ತಂದಳು.

ಸಂಜೆಗೆ ಭಾಗೀರಥಮ್ಮ ಬಂದರು. ಮೆಟ್ಟಿಲ ಕೆಳಗೇ ನಿಂತರು. "ರೋಹಿಣಿ, ಮಗೂನ ಎತ್ಕೊಂಡು ಬಾ. ನಿಮ್ಮಮ್ಮನ ತಲೆ ಕೆಟ್ಟಿದೆ, ನಿಂದೂ ಕೆಡಬೇಕಾಗಿಲ್ಲ. ನಮ್ಮನೆಗೆ ಹೋಗೋಣ."

ಮದುವೆಯಾದ ಮೇಲೆ ಯಾವತ್ತೂ ಅತ್ತೆಗೆ ಎದುರು ಮಾತಾಡದ ಹುಡುಗಿ ಬಾಗಿಲಿಗೆ ಬಂದಳು. "ನಮ್ಮನೆ ಇನ್ನೂರ ಅರವತ್ತು ಅಲ್ವಾ ಅತ್ತೆ? ನೂರಕ್ಕಿಂತ ಕೆಳಗೆ ಇಳಿದ ದಿನ ಹೇಳಿ ಕಳ್ಸಿ. ಬರ್ತೀನಿ."

ಭಾಗೀರಥಮ್ಮ ಇಂದುಮತಿಯ ಕಡೆ ತಿರುಗಿದರು. ಏನೋ ಕೇಳಿದರು, ಅವಳು ಏನೋ ಹೇಳಿದಳು, ಬಹಳ ಹೊತ್ತು. ಕೊನೆಗೆ ಮೆಟ್ಟಿಲೂ ಹತ್ತದೆ ಹೊರಟುಹೋದರು. ಮಗಳ ಸಂಸಾರ ನನ್ನ ಕೈಯಾರೆ ಮುರಿದೆನಲ್ಲಾ ಎಂದು ನಾನು ಗೌರಕ್ಕನ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ವಾರ ಕಳೆದಿರಬಹುದು. ಒಂದು ಮಧ್ಯಾಹ್ನ, ಬೀದಿಯೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ತಲೆಯ ಮೇಲೆ ಸೆರಗು ಎಳೆದುಕೊಂಡ ಹೆಂಗಸೊಬ್ಬರು ಸರಸರ ಮೆಟ್ಟಿಲು ಹತ್ತಿ ಬಂದರು. ಸೊಂಟದಲ್ಲಿ ಹಿರಿಮಗನ ಎರಡು ವರ್ಷದ ಗಂಡು ಮಗು. ಸೆರಗು ಸರಿಸಿದರೆ ಭಾಗೀರಥಮ್ಮ! "ಇವನಿಗೂ ಒಂದು ಚಾಪೆ ಹಾಕ್ಸಿ" ಎಂದು ಮುಖ ಬೇರೆ ಕಡೆ ತಿರುಗಿಸಿ ಹೇಳಿದರು. "ಯಾರಿಗೂ ಹೇಳ್ಬೇಡಿ."

ನಾನು ಹೇಳಲಿಲ್ಲ. ಆದರೂ ಮುಂದಿನ ವಾರ ಹೆಡ್‌ಮಾಸ್ತರ ಸೊಸೆ ಬಂದಳು. ಆಮೇಲೆ ನನ್ನ ತಂಗಿ, ಓರಗಿತ್ತಿ, ಗ್ರೇಸ್ ಮಾರ್ಕ್ಸ್ ಅಂಗಡಿಯವನ ಅತ್ತೆ. ಎಲ್ಲರೂ ಸೆರಗು ಹೊದ್ದು ಬರುವವರೇ, ಯಾರಿಗೂ ಹೇಳ್ಬೇಡಿ ಎನ್ನುವವರೇ. ಹಲಗೆಕೇರಿಯ ಮನೆಮನೆಯಲ್ಲೂ ಮೇಲ್ಪೇಟೆಯ ಕೂಸು ಮಲಗಿತು. ಹೆತ್ತ ತಾಯಂದಿರು ಸರದಿಯ ಮೇಲೆ ಉಳಿಯುತ್ತಿದ್ದರು, ಊರಲ್ಲಿ ಕೇಳಿದರೆ ತವರಿಗೆ ಹೋಗಿದ್ದಾಳೆ ಎಂಬ ಉತ್ತರ. ಅತ್ತ ಮೇಲ್ಪೇಟೆಯಲ್ಲಿ ಅವರದೇ ಮನೆಗಳ ಗೋಡೆಯ ಮೇಲೆ ನೀಲಿ ಅಂಕಿಗಳಿಗೆ ಹಬ್ಬಕ್ಕೊಮ್ಮೆ ಹೊಸ ಬಣ್ಣ ಬೀಳುತ್ತಿತ್ತು. ಮಕ್ಕಳಿಗೆ ಆರು ಬೇಕು, ಗೋಡೆಗೆ ಇನ್ನೂರು ಬೇಕು. ಒಳ್ಳೇ ಏರ್ಪಾಟು ಎಂದು ನಾನೂ ಸುಮ್ಮನಿದ್ದೆ. ಇಂದುಮತಿ ತಾರಸಿಯ ಪ್ಲಾಸ್ಟಿಕ್ ಹಲಗೆಗಳನ್ನು ಕೆಳಗಿಳಿಸಿ, ಒಂದೊಂದು ಮನೆಯ ಗಾಳಿ ಅಳೆಯುತ್ತಾ ಹಲಗೆಕೇರಿಯಲ್ಲೇ ಉಳಿದಳು.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮರಿಸಿದ್ದಪ್ಪನವರಿಗೆ ಬಡವರ ಮೇಲೆ ಕರುಣೆ ಹುಟ್ಟಿತು. ಒಂದು ಬೆಳಗ್ಗೆ ಹಲಗೆಕೇರಿಯ ಬಾಯಿಗೆ ಲಾರಿ ಬಂದು ನಿಂತಿತು, ತುಂಬ ಕಪ್ಪು ಚಪ್ಪಡಿ. ಬ್ಯಾನರಿನಲ್ಲಿ, "ಹಲಗೆಕೇರಿ ಉದ್ಧಾರ ಯೋಜನೆ, ಮನೆಮನೆಗೂ ಉಚಿತ ನೆಲಗಲ್ಲು, ಮನೆಮನೆಯೂ ಪಾಸ್." ಅಧ್ಯಕ್ಷರು ಲಾರಿಯ ಮೇಲೆ ನಿಂತಿದ್ದರು. ಕೇರಿಯ ಗಂಡಸರು ಹಾರೆ ಹಿಡಿದು ಹಲಗೆ ಕೀಳಲು ಸಿದ್ಧವಾಗಿದ್ದರು.

ನಾನು ಓಡಿಹೋಗಿ ಲಾರಿಯ ಮುಂದೆ ನಿಂತೆ. ಜೊತೆಗೆ ಇಂದುಮತಿ. "ವೈಜ್ಞಾನಿಕವಾಗಿ ನೋಡಿದರೆ" ಎಂದು ಅವಳು ಶುರುಮಾಡುತ್ತಿದ್ದಂತೆ ಕೈ ಹಿಡಿದು ಜಗ್ಗಿದೆ. "ಸುಮ್ಮನಿರು ಕಣಮ್ಮ. ನೀನು ಅಂಕಿ ಹೇಳಿದ್ರೆ ಇನ್ನೊಂದು ಲಾರಿ ತರಿಸ್ತಾರೆ."

"ಏನಮ್ಮ ಅನಸೂಯಮ್ಮ," ಮೇಲಿನಿಂದ ಮರಿಸಿದ್ದಪ್ಪನವರು ಕೂಗಿದರು, "ನಿಮಗೆ ಮಾತ್ರ ನಾನೂರ ಹನ್ನೆರಡು ಬೇಕು, ಇವರು ಮೂವತ್ತೈದು ತಗೊಂಡ್ರೆ ಹೊಟ್ಟೆಯುರೀನಾ?"

ಗಂಡಸರು ಗೊಳ್ಳೆಂದರು. ಅದನ್ನು ಸಹಿಸಬಹುದಿತ್ತು. ಆದರೆ ಗೌರಕ್ಕನೇ ಮುಂದೆ ಬಂದು ನನ್ನೆದುರು ನಿಂತಳು.

"ಬಿಟ್ಬಿಡಿ ಅವ್ವಾ. ನನ್ ಮಗಂಗೆ ಮದ್ವೆ ಆಗ್ಬೇಕು."

"ಗೌರಕ್ಕಾ, ನಿನಗೆ ಗೊತ್ತಿದೆಯಲ್ಲೇ! ಒಳಗೆ ಮಲಗಿರೋ ಮಕ್ಕಳು—"

"ಗೊತ್ತೈತೆ. ನಂಗೊತ್ತೈತೆ, ನಿಮ್ಗೊತ್ತೈತೆ. ಊರ್ಗೆ ಗೊತ್ತೈತಾ? ನಿಮ್ ಕೂಸುಗಳ್ನ ಮಧ್ಯಾನದಾಗೆ ಕದ್ದು ತಂದು ನಮ್ಮನೇಲಿ ಮಲಗುಸ್ತೀರಿ. ಬೀದೀಲಿ ಸಿಕ್ಕುದ್ರೆ ನೀವ್ಯಾರೋ ನಾವ್ಯಾರೋ. ನಮ್ ಆರು ನಿಮ್ಗೆ ಬೇಕು, ಆರು ಅನ್ನೋ ಹೆಸ್ರು ನಮ್ಗಿರ್ಲಿ ಅಂತೀರಿ. ಮೇಲ್ಪೇಟೆಯೋರು ಒಬ್ರಾದ್ರೂ ಎಲ್ರ ಮುಂದೆ ಬಾಯ್ಬಿಟ್ಟು ಹೇಳ್ಲಿ, ನಮ್ ಕೂಸು ಈ ಮನೇಲಿ ಮಲಗ್ತೈತೆ ಅಂತ. ಈ ಕಲ್ಲು ಬ್ಯಾಡ ಅಂತ ನಾನೇ ಯೋಳ್ತೀನಿ. ಯೋಳ್ದೆ ಓದ್ರೆ ಇಳುಸ್ಲಿ."

ನಾನು ಹೇಳಿದರೆ ಬೆಲೆಯಿಲ್ಲ, ನಡುಬೀದಿಯ ಹುಚ್ಚಿ ಎಂದು ಆಗಲೇ ಹೆಸರಾಗಿತ್ತು. ಕೇರಿಯ ಬಾಗಿಲುಗಳ ಸಂದಿಯಲ್ಲಿ ಸೆರಗು ಹೊದ್ದ ತಲೆಗಳು ಕಾಣುತ್ತಿದ್ದವು. ನನ್ನ ತಂಗಿ ನನ್ನನ್ನು ನೋಡಿ ಒಳಗೆ ಸರಿದಳು. ಹೆಡ್‌ಮಾಸ್ತರ ಸೊಸೆ ಬಾಗಿಲು ಹಾಕಿಕೊಂಡಳು. ಚಪ್ಪಡಿ ಇಳಿಸಲು ಹಗ್ಗ ಬಿಚ್ಚಿದರು. ಒಳಗೆ ನನ್ನ ಮೊಮ್ಮಗಳು ಹಲಗೆಯ ಮೇಲೆ ಬೋರಲು ಬೀಳುವುದನ್ನು ಆಗಷ್ಟೇ ಕಲಿಯುತ್ತಿದ್ದಳು. ಇವಳನ್ನು ಎತ್ತಿಕೊಂಡು ಇನ್ನೆಲ್ಲಿಗೆ ಹೋಗಲಿ, ಇನ್ನು ಯಾವ ಕೇರಿ ಉಳಿದಿದೆ?

ಗೌರಕ್ಕನ ಮನೆಯ ಮೆಟ್ಟಿಲ ಮೇಲೆ ಯಾರೋ ಇಳಿಯುವ ಸದ್ದಾಯಿತು. ಭಾಗೀರಥಮ್ಮ. ತಲೆಯ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದ್ದರು. ಹಗಲು ಬೆಳಕಿನಲ್ಲಿ, ಹಾರೆ ಹಿಡಿದ ಗಂಡಸರ ನಡುವೆ ನಡೆದು ಬಂದು ಲಾರಿಯ ಮುಂದೆ ನಿಂತರು. ಮರಿಸಿದ್ದಪ್ಪನವರು ಗಡಬಡಿಸಿ ಕೈ ಮುಗಿದರು. ಭಾಗೀರಥಮ್ಮ ಅವರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೆಲ ನೋಡುತ್ತಾ, ತುಟಿ ಬಿಚ್ಚಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹೇಳಿದರು.

"ನನ್ನ ಮೊಮ್ಮಕ್ಕಳು ಇವರ ಮನೇಲಿ ಮಲಗ್ತವೆ."

ಗೌರಕ್ಕ ಕಿವಿಯ ಹಿಂದೆ ಕೈ ಇಟ್ಟುಕೊಂಡಳು.

"ಇನ್ನೊಂದ್ಸಲ ಯೋಳಿ ಅವ್ವಾ. ಲಾರಿ ಸದ್ದಿಗೆ ಕೇಳ್ಸ್ಲಿಲ್ಲ."

ಡ್ರೈವರು ಎಂಜಿನ್ ನಿಲ್ಲಿಸಿದ. ಭಾಗೀರಥಮ್ಮ ತಲೆ ಎತ್ತಿ, ಇಡೀ ಕೇರಿಗೆ ಕೇಳುವ ಹಾಗೆ, ಇನ್ನೊಂದು ಸಲ ಹೇಳಿದರು.